ಹಳೆಯ ವ್ಯಾನಿನ ತುಕ್ಕು: ಮನೆಯಲ್ಲೇ ಕೈಗೊಳ್ಳಬಹುದಾದ ಕ್ರಮಗಳು

1984ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಓಮ್ನಿ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಆದರೂ ತರಕಾರಿ, ಹಾಲು, ಗೊಬ್ಬರ ಸಾಗಿಸುವ ಹಳೆಯ ಓಮ್ನಿಗಳು ಹಳ್ಳಿಗಳಲ್ಲಿ ಇನ್ನೂ ಓಡುತ್ತಿವೆ. ನಿಮ್ಮಲ್ಲೂ ಒಂದಿದ್ದರೆ ಎಂಜಿನ್ನಿಗಿಂತ ಮೊದಲು ಅದರ ತಳವನ್ನು ನೋಡಿರಿ.

ಕಾರಣ: ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿ ತೂಕದ ಸುಮಾರು ಶೇ. 47 ಭಾಗ ಕ್ಲೋರೈಡ್ ಇರುತ್ತದೆ. ಚೀಲದಿಂದ ಉದುರಿದ ಹರಳುಗಳು ತೇವಕ್ಕೆ ಕರಗಿ, ಹಾಸಿನ ಕೆಳಗೆ ಉಪ್ಪುನೀರಾಗಿ ನಿಂತು ತಗಡನ್ನು ತಿನ್ನುತ್ತವೆ. ತಳದಲ್ಲಿ ಹಾದುಹೋಗುವ ಬ್ರೇಕ್ ಕೊಳವೆಗೂ ಇದೇ ಗತಿ. ತಗಡು ತೂತಾದರೆ ಹಣ ನಷ್ಟ. ಕೊಳವೆ ಒಡೆದರೆ ಪ್ರಾಣಕ್ಕೇ ಅಪಾಯ.

ಕ್ರಮಗಳು:

1. ಗೊಬ್ಬರ ಹೇರುವ ಮುನ್ನ ತಾಡಪಾಲು ಹಾಸಿರಿ. ಇಳಿಸಿದ ದಿನವೇ ತಳವನ್ನು ಒಣ ಪೊರಕೆಯಿಂದ ಗುಡಿಸಿ, ಸಿಹಿನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿರಿ. ಮುಂದಿನ ಸೀಟಿನಡಿಯ ಎಂಜಿನ್ನಿಗೆ ನೀರು ಬೀಳಬಾರದು. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಬಸಿಯುವ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿರಿ.

2. ತುಕ್ಕನ್ನು ತಂತಿ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸತುವಿನ ಫಾಸ್ಫೇಟ್ ಪ್ರೈಮರ್ ಒಂದು ಸಲ, ಬಣ್ಣ ಎರಡು ಸಲ ಬಳಿಯಬೇಕು. ತುಕ್ಕಿನ ಮೇಲೆಯೇ ಡಾಂಬರು ಬಳಿದರೆ ತೇವ ಒಳಗೇ ಉಳಿದು ಕೊರೆತ ಮುಂದುವರಿಯುತ್ತದೆ.

3. ಬ್ರೇಕ್ ಕೊಳವೆಯಲ್ಲಿ ಗುಳಿ ಅಥವಾ ಜಿನುಗು ಕಂಡರೆ ವ್ಯಾನನ್ನು ಓಡಿಸಕೂಡದು. ಬೆಸುಗೆ ಬೇಡ, ಹೊಸ ಕೊಳವೆಯನ್ನೇ ಹಾಕಿಸಿರಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಎಚ್ಚರಿಕೆ: ಜಾಕಿಯೊಂದನ್ನೇ ನಂಬಿ ವ್ಯಾನಿನ ಅಡಿಗೆ ನುಸುಳಬೇಡಿರಿ, ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಅಡ್ಡಗಟ್ಟೆ ಇಡಿರಿ. ಪೆಟ್ರೋಲ್ ಟ್ಯಾಂಕಿನ ಬಳಿಯ ಬೆಸುಗೆ ಕೆಲಸವನ್ನು ಮನೆಯಲ್ಲಿ ಮಾಡಕೂಡದು.

ಬಿತ್ತನೆ ಮುಗಿದ ಮೇಲೆ ಕೂರಿಗೆಯನ್ನು ತೊಳೆದಿಡುತ್ತೀರಲ್ಲವೇ? ವ್ಯಾನಿನ ತಳಕ್ಕೂ ಅದೇ ರೂಢಿ ಇರಲಿ.