ಒಳಸಂಚಿನ ಮಾತು ಮತ್ತು ಅಪರಾಧ ಸಂಶೋಧಕರ ಹೊಣೆ

ವಡಾಲ: ಇಲ್ಲಿಂದ ಹಾರ್ಬರ್ ಮಾರ್ಗದ ರೈಲಿನಲ್ಲಿ ಕೋಟೆ ಪ್ರದೇಶದ ಕಚೇರಿಗಳಿಗೆ ಹೋಗಿಬರುವ ಕನ್ನಡಿಗರಿಗೆ 2008ರ ನವೆಂಬರ್ 26ರ ರಾತ್ರಿ ಮರೆಯುವಂಥದ್ದಲ್ಲ. ಆ ಮಾರ್ಗ ಕೊನೆಗೊಳ್ಳುವ ಛತ್ರಪತಿ ಶಿವಾಜಿ ಟರ್ಮಿನಸ್ ಸಹ ಉಗ್ರರ ಗುಂಡಿಗೆ ಗುರಿಯಾಯಿತು. ದಾಳಿಯಲ್ಲಿ ಒಟ್ಟು 166 ಮಂದಿ ಪ್ರಾಣ ತೆತ್ತರು. ಬೆನ್ನಲ್ಲೇ ‘ಇದರ ಹಿಂದೆ ಬೇರೆಯೇ ಕೈಗಳಿವೆ’ ಎಂಬ ಮಾತು ಹಬ್ಬಿತು. ಇಂಥ ಮಾತನ್ನು ಅಪರಾಧ ಸಂಶೋಧಕರು ಹೇಗೆ ಪರಿಶೀಲಿಸಬೇಕು?

ಮೊದಲನೆಯದಾಗಿ, ಒಳಸಂಚು ಎಂದೊಡನೆ ತಳ್ಳಿಹಾಕಬಾರದು. ಕಾನೂನಿನ ದೃಷ್ಟಿಯಲ್ಲಿ ಅದೊಂದು ಅಪರಾಧ. ಭಾರತೀಯ ದಂಡ ಸಂಹಿತೆಯ 120-ಎ ಕಲಂನಲ್ಲಿದ್ದ ಅದರ ವ್ಯಾಖ್ಯೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 61ನೇ ಕಲಂನಲ್ಲಿದೆ. ದಾಳಿಗೆ ಮುನ್ನವೇ ಮುಂಬಯಿಗೆ ಬಂದು ಸ್ಥಳಗಳನ್ನು ಚಿತ್ರೀಕರಿಸಿದ್ದ ಡೇವಿಡ್ ಹೆಡ್ಲಿ ಶಿಕಾಗೋದಲ್ಲಿ ಬಂಧಿತನಾದದ್ದು 2009ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಇಲ್ಲಿ ಕಸಬನ ವಿಚಾರಣೆ ಆರಂಭವಾಗಿತ್ತು. ಮರೆಯಲ್ಲಿದ್ದ ಕೈಯೊಂದು ನಿಜವಾಗಿಯೂ ಇತ್ತು. ಅದು ಹೊರಬಿದ್ದದ್ದು ಊಹೆಯಿಂದಲ್ಲ, ತನಿಖೆಯಿಂದ.

ಎರಡನೆಯದು, ಸಂದೇಹವನ್ನೇ ಸಾಕ್ಷ್ಯವೆಂದು ಬಗೆಯಬಾರದು. ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ್ ಕರ್ಕರೆ ಆಗ ಮಾಲೆಗಾಂವ್ ಸ್ಫೋಟದ ತನಿಖೆ ನಡೆಸುತ್ತಿದ್ದರು. ಆದ್ದರಿಂದ ಅವರ ಸಾವಿನ ಬಗೆಗೆ ಶಂಕೆಗಳೆದ್ದವು. ಅವರು ಧರಿಸಿದ್ದ ಗುಂಡುನಿರೋಧಕ ಕವಚ ಕಾಣೆಯಾದದ್ದು ಅವುಗಳಿಗೆ ಇಂಬು ಕೊಟ್ಟಿತು. ಕಾಣೆಯಾದ ವಸ್ತು ಪ್ರಶ್ನೆ ಎಬ್ಬಿಸುತ್ತದೆ, ಉತ್ತರ ಕೊಡುವುದಿಲ್ಲ. ಬೇಜವಾಬ್ದಾರಿಯನ್ನು ಸಂಚೆಂದು ಕರೆಯಲು ಬೇರೆ ಆಧಾರ ಬೇಕು. ಅದೇ ವಾಹನದಲ್ಲಿದ್ದು ಬದುಕುಳಿದ ಪೊಲೀಸ್ ಪೇದೆ ಅರುಣ್ ಜಾಧವ್ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಸರ್ವೋಚ್ಚ ನ್ಯಾಯಾಲಯ 2012ರ ಆಗಸ್ಟ್ 29ರಂದು ಕಸಬನ ಶಿಕ್ಷೆಯನ್ನು ಎತ್ತಿಹಿಡಿಯಿತು. ವಿರುದ್ಧವಾದ ಪ್ರತಿಯೊಂದು ಸಾಕ್ಷ್ಯವೂ ಸಂಚಿನ ಭಾಗವೇ ಎನ್ನುವ ವಾದವನ್ನು ಪರೀಕ್ಷಿಸಲು ದಾರಿಯೇ ಉಳಿಯದು.

ಮೂರನೆಯದು, ಅಧಿಕೃತ ಹೇಳಿಕೆಗೂ ಇದೇ ಒರೆಗಲ್ಲು. ಉಗ್ರರಿಗೆ ನಕ್ಷೆ ಒದಗಿಸಿದರೆಂದು ಪೊಲೀಸರು ಆರೋಪಿಸಿದ್ದ ಇಬ್ಬರು ಭಾರತೀಯರನ್ನು ವಿಶೇಷ ನ್ಯಾಯಾಲಯ 2010ರಲ್ಲಿ ಬಿಡುಗಡೆ ಮಾಡಿತು. ಸರ್ವೋಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಕಸಬನನ್ನು ಅಪರಾಧಿಯೆಂದ ತೀರ್ಪೇ, ಸಾಕ್ಷ್ಯ ಸಾಲದೆಂದು ಇವರನ್ನು ಬಿಟ್ಟಿತು.

ಆಧಾರವಿಲ್ಲದ ಮಾತು ನಿರಪರಾಧಿಗೆ ಕಳಂಕ ಹಚ್ಚುತ್ತದೆ, ಮಡಿದವರ ಮನೆಯವರ ಗಾಯವನ್ನು ಕೆದಕುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಅಪರಾಧಿ ಪಾರಾಗುತ್ತಾನೆ. ಆದ್ದರಿಂದ ಯಾರು ಹೇಳಿದರು ಎಂಬುದಕ್ಕಿಂತ, ಯಾವ ಆಧಾರದ ಮೇಲೆ ಹೇಳಿದರು ಎಂದು ವಿಚಾರಿಸುವುದೇ ಸಂಶೋಧಕರ ಮೊದಲ ಕರ್ತವ್ಯ. ಮನೆಯಲ್ಲಿ ಕುಳಿತು ಸುದ್ದಿ ಓದುವ ನಮಗೂ ಅದು ಅನ್ವಯಿಸುತ್ತದೆ.