ಮನೆಯಲ್ಲೇ ಓದುವ ಮಕ್ಕಳು ಮತ್ತು ಮೊಬೈಲ್

ಹತ್ತನೇ ತರಗತಿ ಮುಗಿದ ಮಗಳನ್ನು ದಿನಾಲೂ ಬಸ್ಸು ಹತ್ತಿಸಿ ಸುರಪುರಕ್ಕೋ ಲಿಂಗಸುಗೂರಿಗೋ ಕಳಿಸಲು ಹಿಂಜರಿಯುವ ಮನೆಗಳು ತಿಂಥಣಿಯಂತಹ ಊರುಗಳಲ್ಲಿ ಇವೆ. ಫೇಲಾಗಿ ಮನೆಯಲ್ಲೇ ಉಳಿದ ಹುಡುಗರೂ ಇದ್ದಾರೆ. ಇಂಥವರಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಒಳ್ಳೆಯ ದಾರಿ. ಒಮ್ಮೆ ಹೆಸರು ನೋಂದಾಯಿಸಿದರೆ 5 ವರ್ಷ ಕಾಲಾವಕಾಶ, ಪರೀಕ್ಷೆಗೆ 9 ಅವಕಾಶ. ಉರ್ದು ಮಾಧ್ಯಮವೂ ಇದೆ.

ಆದರೆ ಈ ಅವಕಾಶದಲ್ಲೇ ಒಂದು ತೊಂದರೆಯಿದೆ. ಮನೆಯಲ್ಲಿ ಗಂಟೆ ಬಾರಿಸುವವರಿಲ್ಲ, ಹಾಜರಿ ಕೂಗುವವರಿಲ್ಲ. 'ಇನ್ನೂ ಟೈಮ್ ಇದೆಯಲ್ಲ' ಎನ್ನುತ್ತಲೇ ವರ್ಷ ಕಳೆದುಹೋಗುತ್ತದೆ, ಆ ಖಾಲಿ ಹೊತ್ತನ್ನೆಲ್ಲ ಮೊಬೈಲ್ ನುಂಗುತ್ತದೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೆಂದರೆ ಮೊಬೈಲ್ ಎಂಬುದು ನಮಗೆ ರೂಢಿಯಾಯಿತು. ವಾಸ್ತವದಲ್ಲಿ ಎನ್‌ಐಒಎಸ್ ಪುಸ್ತಕಗಳನ್ನು ಬರೆದಿರುವುದೇ ಶಿಕ್ಷಕರಿಲ್ಲದೆ ಓದಿಕೊಳ್ಳಲಿ ಎಂದು. ಆದ್ದರಿಂದ ಮೊದಲು ಪುಸ್ತಕ. ಅರ್ಥವಾಗದ ಲೆಕ್ಕ, ವಿಜ್ಞಾನದ ಚಿತ್ರ ಇವುಗಳಿಗೆ ಮಾತ್ರ ವಿಡಿಯೋ. ಬೇಕಾದ ವಿಡಿಯೋವನ್ನು ಮೊದಲೇ ಇಳಿಸಿಟ್ಟು, ನೆಟ್ ಬಂದ್ ಮಾಡಿ ನೋಡಲಿ. ಒಂದು ಪಾಠ ಮುಗಿಯುತ್ತಲೇ ರೀಲ್ಸ್ ಶುರುವಾಗುವ ಕಾಟ ಇಷ್ಟರಿಂದಲೇ ಬಹಳ ತಪ್ಪುತ್ತದೆ. ಪುಸ್ತಕ ಹಿಡಿದಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮಗ್ಗುಲಲ್ಲಿದ್ದರೆ ಸೈಲೆಂಟ್ ಮಾಡಿದರೂ ಮನಸ್ಸು ಅತ್ತಲೇ ಎಳೆಯುತ್ತದೆ.

ವೇಳಾಪಟ್ಟಿಗೆ ಹೊಸ ಗಡಿಯಾರ ಬೇಕಿಲ್ಲ. ಅಝಾನ್ ಕೇಳುವ ಮನೆಯಲ್ಲಿ ದಿನ ಆಗಲೇ ಐದು ಭಾಗವಾಗಿದೆ. ಫಜ್ರ್ ನಂತರದ ತಂಪು ಹೊತ್ತು ಕಠಿಣ ವಿಷಯಕ್ಕೆ, ಝುಹರ್‌ಗೆ ಮುಂಚೆ ಬರವಣಿಗೆಗೆ, ಅಸರ್ ಆದ ಮೇಲೆ ಹೊರಗೆ. ಮನರಂಜನೆಗೂ ಒಂದು ಹೊತ್ತು ಗೊತ್ತು ಮಾಡಿ. ಪೂರ್ತಿ ನಿಷೇಧಿಸಿದರೆ ಕದ್ದು ನೋಡುವುದನ್ನು ಕಲಿಸಿದಂತೆ.

'ಹೊರಗೆ' ಎಂಬುದನ್ನು ಹಗುರವಾಗಿ ತಗೊಳ್ಳಬೇಡಿ. ಹಗಲ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಕಾಣದ ಕಣ್ಣಿನ ದೋಷ ಬರುವುದು ಕಡಿಮೆ. ದಿನಕ್ಕೆ 60 ನಿಮಿಷವಾದರೂ ಮೈ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಮಗನಿಗೆ ಮೈದಾನ, ಮಗಳಿಗೆ ಮೊಬೈಲ್ ಎಂಬಂತಾಗಿದೆ. ಇದು ಸರಿಯಲ್ಲ. ಮಾಳಿಗೆ, ಅಂಗಳ, ಅಕ್ಕತಂಗಿಯರ ಜತೆ ಹೊಲದ ಬದುವಿನ ನಡಿಗೆ, ಯಾವುದಾದರೂ ಆದೀತು. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಪ್ಪಿಸಿ. ಹುಡುಗರು ಕೃಷ್ಣೆಗೆ ಇಳಿಯದಂತೆಯೂ ನೋಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಹಾನಿ ರಾತ್ರಿಯದು. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪರದೆಯ ಬೆಳಕು ನಿದ್ದೆ ತರಿಸುವ ಹಾರ್ಮೋನನ್ನು ತಡೆಯುತ್ತದೆ. ಹಾಸಿಗೆಯಲ್ಲಿ ಮೊಬೈಲ್ ನೋಡಿದವರು ಬೆಳಿಗ್ಗೆ ಎದ್ದರೂ ಓದಿದ್ದು ತಲೆಗೆ ಹತ್ತುವುದಿಲ್ಲ. ಇಶಾ ನಂತರ ಮನೆಯ ಎಲ್ಲ ಫೋನ್‌ಗಳೂ ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಲಿ, ಅಬ್ಬಾನ ಫೋನ್ ಸಹ. ಅಬ್ಬಾ ಯೂಟ್ಯೂಬ್ ನೋಡುತ್ತ ಮಲಗಿದರೆ ಈ ನಿಯಮ ಎರಡು ದಿನವೂ ಬಾಳದು.

ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಉರಿ ಬರುತ್ತದೆ. 20 ನಿಮಿಷಕ್ಕೊಮ್ಮೆ 20 ಸೆಕೆಂಡು, 20 ಅಡಿ ದೂರದ ಬೇವಿನ ಮರವನ್ನೋ ಮಿನಾರನ್ನೋ ನೋಡಲಿ. ಪದೇಪದೇ ತಲೆನೋವು ಬಂದರೆ, ದೂರದ ಬಸ್ಸಿನ ಬೋರ್ಡು ಮಸುಕಾದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಫೋನ್ ಕಸಿದಾಗ ಮಗು ಊಟ ಬಿಡುವುದು, ಹೊಡೆಯಲು ಬರುವುದು, ಯಾರೊಂದಿಗೂ ಮಾತಾಡದಿರುವುದು ವಾರಗಟ್ಟಲೆ ನಡೆದರೆ ಬೈದು ಸುಮ್ಮನಾಗಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮೊದಲು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.