ನಿಮಗಿದು ಗೊತ್ತೆ? ಚಿಟಿಕೆ ಪುಡಿಯ ಮೂರು ಪಟ್ಟು ಬಲ

ಲೀಟರ್ ನೀರಿಗೆ ಬರೀ 0.05 ಗ್ರಾಂ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ನ್ಯಾನೊ ಪುಡಿ. ಅಷ್ಟಕ್ಕೇ ಕುದಿಯುವ ನೀರು ಬಿಸಿ ಲೋಹದಿಂದ ಹೊತ್ತೊಯ್ಯಬಲ್ಲ ಗರಿಷ್ಠ ಶಾಖ ಸುಮಾರು ಮೂರು ಪಟ್ಟಾಯಿತು! 2003ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು ಪ್ರಕಟಿಸಿದ ಫಲಿತಾಂಶವಿದು. ಕಡಿಮೆ ಒತ್ತಡದಲ್ಲಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ನೀರು ಕುದಿಸಿ ಈ ಪ್ರಯೋಗ ನಡೆಸಲಾಗಿತ್ತು.

ನೀರು ಹೊತ್ತೊಯ್ಯುವ ಶಾಖಕ್ಕೆ ಮಿತಿ ಯಾಕೆ? ಚೆನ್ನಾಗಿ ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡಿ. ಹನಿ ತಕ್ಷಣ ಆರದೆ ಮುತ್ತಿನಂತೆ ಉರುಳಾಡುತ್ತದೆ. ಅದರ ಅಡಿಯಲ್ಲಿರುವ ಆವಿಯ ಪದರ ಶಾಖವನ್ನು ತಡೆಯುತ್ತದೆ. ಬಾಯ್ಲರ್‌ ಕೊಳವೆಯೊಳಗೆ ಇಂಥದೇ ಪದರ ಹಬ್ಬಿದರೆ ಲೋಹ ವಿಪರೀತ ಕಾದು ಹಾಳಾಗುತ್ತದೆ.

ಪುಡಿ ಬೆರೆಸಿದ ನೀರು ಕುದಿಯುವಾಗ ಅದರ ನ್ಯಾನೊ ಕಣಗಳು ಲೋಹದ ಮೇಲೆ ಕೂರುತ್ತವೆ. ಸಣ್ಣ ಸಣ್ಣ ರಂಧ್ರಗಳ ತೆಳು ಲೇಪವಾಗುತ್ತವೆ. ಈ ಲೇಪ ನೀರನ್ನು ಹೀರಿಕೊಂಡು ಮೇಲ್ಮೈ ಒಣಗದಂತೆ ಕಾಯುತ್ತದೆ. ಹಾಗಾಗಿ ಆವಿಯ ಪದರ ಅಷ್ಟು ಸುಲಭವಾಗಿ ಹಬ್ಬುವುದಿಲ್ಲ. ಅಂದರೆ ಮುಖ್ಯ ಕೆಲಸ ನೀರಲ್ಲಿ ತೇಲುವ ಕಣಗಳದ್ದಲ್ಲ, ಲೋಹಕ್ಕೆ ಅಂಟಿದ ಕಣಗಳದ್ದು!

ನೆನಪಿಡಿ: ಈ ಪುಡಿ ಹಾಕಿದರೆ ನೀರು ಬೇಗ ಕುದಿಯುತ್ತದೆ ಎಂದಲ್ಲ. ಹೆಚ್ಚುವುದು ಲೋಹ ಸುಡದಂತೆ ಶಾಖ ಸಾಗಿಸುವ ಮಿತಿ.